ತೋಳಕ್ಕಿಟ್ಟ ಹೆಸರು

ಒಂದು ಫೋನ್ ಕರೆಗಾಗಿ ನಾನು ಈ ಕೊಲ್ಲಿ ದೇಶದ ಅರ್ದಿಯಾದಲ್ಲಿರುವ ನನ್ನ ಗೋದಾಮಿನಲ್ಲಿದ್ದ ಹಳೆಯ ಕಬ್ಬಿಣದ ರ‍್ಯಾಕುಗಳನ್ನೆಲ್ಲ ಕೊಂಡ ಬೆಲೆಗೇ ಬಿಟ್ಟುಕೊಟ್ಟೆ. ಲಾಭವಿಲ್ಲದೆ ಮಾರಿದವನಲ್ಲ ನಾನು. ಆದರೆ ಕೊಳ್ಳಲು ಬಂದ ಸ್ವೀಡನ್ನಿನ ಎಂಜಿನಿಯರಿಗೆ ಸಬ್ಹಾನಿನ ಕಾರ್ಖಾನೆ ಮಾಲೀಕನೊಬ್ಬನ ಸ್ನೇಹವಿತ್ತು. ಆ ಮಾಲೀಕನೇ ನಮ್ಮೂರ ಲೇತ್ ಕೆಲಸಗಾರನ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ. ಲೇತ್ ಬಿಡಿಸಿ ಸುಡುಬಿಸಿಲಲ್ಲಿ ಲೋಡಿಂಗಿಗೆ ಹಾಕಿದ್ದಕ್ಕೆ ಜಗಳವಾಡಿ ಇವನು ಕೆಲಸ ಬಿಟ್ಟಿದ್ದ. ಕಫೀಲ್ ‘ಓಡಿಹೋದ’ ಎಂದು ದೂರು ಕೊಟ್ಟಿದ್ದ. ದೂರು ವಾಪಸಾಗದಿದ್ದರೆ, ಸಿಕ್ಕಿಬಿದ್ದಾಗ ಗಡೀಪಾರು.

ಎಂಜಿನಿಯರ್ ಎಲ್ಲ ಕೇಳಿಸಿಕೊಂಡು, “ಇಂಥವನಿಗೆ ನಮ್ಮಲ್ಲಿ ಹಿಂದೆ ಒಂದು ಹೆಸರಿತ್ತು” ಎಂದ. ಬರೆಯುವುದು ‘ವರ್ಗ್’, ಅವನ ಬಾಯಲ್ಲಿ ‘ವರ್ಯ್’. ಊರು ಹೊರಗಟ್ಟಿದ ಪಾತಕಿ. ಯಾರೂ ಅನ್ನ ಕೊಡುವಂತಿಲ್ಲ, ಕೊಂದರೂ ಕೇಳುವವರಿಲ್ಲ. ತೋಳದ ಅಸಲು ಹೆಸರು ‘ಉಲ್ವ್’. ಡೆನ್ಮಾರ್ಕ್, ನಾರ್ವೆಗಳಲ್ಲಿ ಇಂದಿಗೂ ಅದೇ. ಹೆಸರೆತ್ತಿದರೆ ಬಂದೇಬಿಡುತ್ತದೆಂದು ಹೆದರಿದ ಸ್ವೀಡನ್ನಿನವರು ಪಾತಕಿಯ ಹೆಸರನ್ನು ತೋಳಕ್ಕಿಟ್ಟರು. ಕೊನೆಗೆ ಅದೇ ನಿಂತಿತು. ನಾವೂ ಹಾವು ಕಚ್ಚಿದರೆ ಹುಳ ಮುಟ್ಟಿತು ಅನ್ನುವುದಿಲ್ಲವೇ?

ರೇಟು ಕುದುರಿತು. ಎಂಜಿನಿಯರ್ ಮಾಲೀಕನಿಗೆ ಫೋನ್ ಮಾಡಿದ. ದೂರು ಹಿಂದಕ್ಕೆ ಪಡೆಯಲು ಕಫೀಲ್ ಒಪ್ಪಿದ. ಕಾಗದ ಆಗುವವರೆಗೆ ಇವನು ಬೀದಿಗೆ ಬರಬಾರದು, ಅಷ್ಟೇ. ಆದರೆ ಇವನ ಬಳಿ ಫೋನಿಲ್ಲ, ಮಲಗುವ ಜಾಗ ದಿನಕ್ಕೊಂದು. ಖೈತಾನಿನ ತನ್ನ ಹಳೆಯ ರೂಮಿಗೆ ಊಟಕ್ಕೆ ಬಂದಾನೆಂದು, ಬಂದರೆ ತಿಳಿಸಿ ಎಂದು ಅಲ್ಲಿದ್ದವರಿಗೆ ಸುದ್ದಿ ಹೇಳಿಬಂದೆ. ಆ ರೂಮುಗಳ ರಿವಾಜೇ ಬೇರೆ: ದೂರು ಬಿದ್ದವನ ಹಾಸಿಗೆ ತಾರಸಿಗೆ ಹೋಗುತ್ತದೆ, ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಮರುದಿನ ಹೋಗಿ ಕೇಳಿದೆ. “ಬಂದನಾ?”

“ಯಾರು?” ಎಂದ ಅಡುಗೆ ನೋಡಿಕೊಳ್ಳುವವನು.

“ಯಾರಂತೆ! ನಿನ್ನ ಭಾವ!”

“ಮೆಲ್ಲ ಮಾತಾಡಿ ಅಣ್ಣ. ಬಂದಿದ್ದ. ಬಾಗಿಲು ಬಡಿದ. ನಾವು ಲೈಟ್ ಆಫ್ ಮಾಡಿ ಕೂತದ್ದು.”

“ಸುದ್ದಿ ಹೇಳ್ಲಿಲ್ವಾ ಮಾರಾಯ?”

“ಹೇಳ್ಲಿಕ್ಕೆ ಬಾಗಿಲು ತೆಗೀಬೇಕಲ್ಲ? ಪಕ್ಕದವರು ನೋಡಿದ್ರೆ ನಮ್ಮ ಇಕಾಮಾ ಕೂಡ ಖಲಾಸ್.” ಇಕಾಮಾ ಅಂದರೆ ಇಲ್ಲಿರಲು ಕೊಟ್ಟ ಪರವಾನಗಿ.

ಹಸಿದವನು ಮೆಟ್ಟಿಲಿಳಿದು ಬಸ್ ನಿಲ್ದಾಣಕ್ಕೆ ಹೋಗಿದ್ದಾನೆ. ಅಲ್ಲಿ ಪೊಲೀಸರ ತಪಾಸಣೆ. ಬೆರಳಚ್ಚು ಬಿದ್ದ ಮೇಲೆ ಕಫೀಲನ ಒಪ್ಪಿಗೆ ಯಾವ ಲೆಕ್ಕಕ್ಕೂ ಬರಲಿಲ್ಲ. ಉಟ್ಟ ಬಟ್ಟೆಯಲ್ಲೇ ವಿಮಾನ ಹತ್ತಿಸಿದರು. ಇನ್ನು ಈ ದೇಶಕ್ಕೆ ಕಾಲಿಡುವಂತಿಲ್ಲ.

ನಿಮ್ಮ ರೂಮಿನವನ ಮೇಲೆ ಇಂಥ ದೂರು ಬಿದ್ದರೆ, ಮೊದಲು ಕಫೀಲನಿಗೆ ಬೇಕಾದವರು ಯಾರೆಂದು ಹುಡುಕಿ. ಚೌಕಾಸಿ ಅಲ್ಲಿಂದ ಶುರುಮಾಡಿ. ಸುದ್ದಿಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಬೇಡಿ, ನೀವೇ ಹೋಗಿ ಕಾಯಿರಿ. ಬಾಗಿಲು ತೆಗೆಯುವ ಧೈರ್ಯ ಇಲ್ಲವೇ, ತೆಗೆಯಬೇಡಿ. ಒಳಗಿನಿಂದಲೇ ಹೇಳಿ. ಅಲ್ಲಿನದು ತೆಳು ಹಲಗೆಯ ಬಾಗಿಲು, ಕೇಳಿಸುತ್ತದೆ.