ರೂಮಿಗೆ ಬಾ ಅಂದರೆ

ಪ್ರತಿ ವರ್ಷ ಡಿಗ್ರಿಯ ಮೊದಲ ಕ್ಲಾಸಿನಲ್ಲಿ ನನ್ನ ಮೊದಲ ಮಾತು ಫಿಸಿಕ್ಸ್ ಬಗ್ಗೆ ಇರುವುದಿಲ್ಲ. "ನಾನು ರೂಮಿಗೆ ಬಾ ಅಂದರೆ ಪಾಠ ಹೇಳಿಕೊಡೋದಕ್ಕೆ. ಪುಸ್ತಕ ತನ್ನಿ, ಅಪ್ಪ ಅಮ್ಮನನ್ನ ಕರ್ಕೊಂಡು ಬರಬೇಡಿ" ಎನ್ನುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ. ಈಗ ಸಂಜೆ ಹೊತ್ತು ನನ್ನ ರೂಮಿನಲ್ಲಿ ಕೂರಲು ಜಾಗ ಸಾಲುವುದಿಲ್ಲ. ಇದಕ್ಕೆಲ್ಲ ಕಾರಣ ಕುಣಿಗಲ್ ಕಡೆಯ ಒಬ್ಬ ಹುಡುಗಿ ಮತ್ತು ಅವಳ ಅಪ್ಪ.

ನಾನಿರುವುದು ಗುಬ್ಬಿಯಲ್ಲಿ, ಪಾಠ ಮಾಡುವುದು ತುಮಕೂರಿನಲ್ಲಿ. ನನ್ನ ಗಂಟಲು ದೊಡ್ಡದು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎರಡಕ್ಕೂ ನಾನು ನಾಚಿಕೊಂಡವಳಲ್ಲ. "ಬೈದು ಹೇಳೋರು ಬದುಕೋಕೆ ಹೇಳ್ತಾರೆ, ನಕ್ಕು ಹೇಳೋರು ಕೆಡೋಕೆ ಹೇಳ್ತಾರೆ" ಅಂತ ನನ್ನಮ್ಮ ಹೇಳುತ್ತಿದ್ದಳು. ಅದನ್ನೇ ನಂಬಿಕೊಂಡು ಇಷ್ಟು ವರ್ಷ ಪಾಠ ಮಾಡಿದ್ದೇನೆ.

ನನ್ನ ಕ್ಲಾಸಿಗೆ ಎಲ್ಲ ಥರದವರೂ ಬರುತ್ತಾರೆ. ಸಿಟಿಯ ಕಾನ್ವೆಂಟಿನಲ್ಲಿ ಓದಿ ಪಟಪಟ ಇಂಗ್ಲಿಷ್ ಮಾತಾಡುವವರು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಗೂಳೂರಿನಿಂದ ಬರುವ ಗೃಹಿಣಿ, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಪಿಯುಸಿಯನ್ನು ಗೈಡು ಉರು ಹೊಡೆದು ದಾಟಿದವರು. ಈ ಹುಡುಗಿ ಕೊನೆಯ ಗುಂಪಿನವಳು. ಮಾರ್ಕೋನಹಳ್ಳಿ ಡ್ಯಾಮಿನ ಪಕ್ಕದ ಊರು. ಹಿಂದಿನ ಬೆಂಚಿನಲ್ಲಿ ತುಟಿಪಿಟಕ್ ಎನ್ನದೆ ಕೂರುತ್ತಿದ್ದಳು.

ಮೊದಲ ಟೆಸ್ಟಿನಲ್ಲಿ ಸೈಫನ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದೆ. ಅವಳು ಚಿತ್ರ ಬರೆದಿದ್ದಳು. ಎಂಥ ಚಿತ್ರ! ಬಗ್ಗಿದ ಕೊಳವೆ, ನೀರಿನ ಮಟ್ಟ, ಗಾಳಿ ಹೊರಹೋಗುವ ದಾರಿ, ಒಂದೂ ತಪ್ಪಿಲ್ಲ. ಆದರೆ ಕೆಳಗೆ ಒಂದು ಸಾಲೂ ಬರವಣಿಗೆಯಿಲ್ಲ. ಇವಳಿಗೆ ಎಲ್ಲ ಗೊತ್ತು, ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ ಅಷ್ಟೆ ಎಂದು ನನಗೆ ಖಾತ್ರಿಯಾಯಿತು. ಪೇಪರು ಹಂಚುವಾಗ ಎಂದಿನ ಗಂಟಲಿನಲ್ಲೇ ಕೂಗಿದೆ, "ಏಯ್ ಹುಡುಗಿ, ನಾಳೆ ನನ್ನ ರೂಮಿಗೆ ಬಾ!"

ಮಾರನೆಯ ದಿನ ಅವಳು ಬರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಅದರ ಮರುದಿನ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಹಿಂದೆ ಪಂಚೆ ಉಟ್ಟ ಅಪ್ಪ, ಕೈಯಲ್ಲಿ ತೆಂಗಿನಕಾಯಿಯ ಚೀಲ. ಅವರು ಬಾಗಿಲಲ್ಲೇ ಕೈಮುಗಿದರು.

"ಏನ್ ತಪ್ ಮಾಡವ್ಳೆ ಮೇಡಮ್ಮೋರೆ, ಯೋಳ್ಬುಡಿ. ಕಾಲೇಜಿಂದ ಒಂದ್ ಕಂಪ್ಲೇಂಟ್ ಬಂದ್ರೂ ಬುಡಿಸ್ಬುಡ್ತೀನಿ ಅಂತ ಸೇರ್ಸೋವಾಗ್ಲೇ ಯೋಳಿದ್ದೆ. ಅಂತರಸನಹಳ್ಳಿ ಕಂಪ್ನೀಲಿ ನಮ್ಮೋರೊಬ್ರು ಅವ್ರೆ, ಸೋಮವಾರದಿಂದ ಕೆಲ್ಸಕ್ಕೆ ಕಳ್ಸು ಅಂದವ್ರೆ. ಟಿಸಿ ಕೊಟ್ಬುಡಿ."

ಆಗ ನನಗೆ ಹೊಳೆಯಿತು. ಅವಳು ಓದಿದ ಹೈಸ್ಕೂಲಿನಲ್ಲಿ ಮೇಷ್ಟ್ರು ರೂಮಿಗೆ ಬಾ ಎಂದರೆ ಮನೆಯವರನ್ನು ಕರೆದುಕೊಂಡು ಬಾ ಎಂದೇ ಅರ್ಥ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಪಾಪ, ಈ ಹುಡುಗಿ ಒಂದು ದಿನ ಮನೆಯಲ್ಲಿ ಅತ್ತು, ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿದ್ದಳು.

"ಅಯ್ಯೋ ಶಿವನೇ! ತಪ್ಪು ಮಾಡಿದ್ದಾಳೆ ಅಂತ ನಿಮಗೆ ಹೇಳಿದೋರ್ಯಾರು? ಪಾಠ ಹೇಳಿಕೊಡೋಣ ಅಂತ ಕರೆದೆ ಕಣ್ರೀ!"

ಅವರು ನಂಬಲಿಲ್ಲ. "ಪಾಠಕ್ಕೆ ಯಾರಾದ್ರೂ ರೂಮಿಗೆ ಕರೀತಾರಾ? ಮುಚ್ಚಿಡಬ್ಯಾಡಿ, ಯೋಳಿ."

ಈ ಮನುಷ್ಯನಿಗೆ ನನ್ನ ಮಾತು ಸಾಲದು ಅನ್ನಿಸಿತು. ಟೆಸ್ಟ್ ಪೇಪರ್ ತೆಗೆದು ಮೇಜಿನ ಮೇಲಿಟ್ಟೆ. "ಇದೇನು ಅಂತ ನಿಮ್ಮಪ್ಪನಿಗೆ ಹೇಳು" ಎಂದೆ ಹುಡುಗಿಗೆ.

"ಇಂಗ್ಲಿಷ್ ಬರಲ್ಲ ಮೇಡಂ" ಎಂದಳು, ಕೇಳಿಸೀ ಕೇಳಿಸದ ಹಾಗೆ.

"ನಿಮ್ಮಪ್ಪನಿಗ್ಯಾಕೆ ಇಂಗ್ಲಿಷು? ಮನೇಲಿ ಮಾತಾಡ್ತೀಯಲ್ಲ, ಹಂಗೇ ಹೇಳೇ!"

ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಮ್ ಡ್ಯಾಂ ತುಂಬ್ದಾಗ ಯಾರೂ ಗೇಟ್ ಎತ್ತದೇ ಇದ್ರೂ ನೀರು ತಾನೇ ಆಚೆಗೆ ಧುಮುಕ್ತದಲ್ಲ, ಅದೇ ಇದು. ನೀರು ಈ ನೆತ್ತಿ ದಾಟಿದ್ರೆ ಕೊಳವೆ ಒಳಗಿರೋ ಗಾಳೀನೆಲ್ಲ ಎಳ್ಕೊಂಡೋಗ್ತದೆ. ಆಮೇಲೆ ಹಿಂದಿರೋ ನೀರು ನಿಲ್ದಂಗೆ ಬರ್ತದೆ."

ಅವರು ಚೀಲ ಕೆಳಗಿಟ್ಟು ಮೇಜಿನ ಹತ್ತಿರ ಬಂದು ಬಗ್ಗಿದರು. "ಅಂಗಾರೆ ಆಮ್ಯಾಕೆ ತಾನೇ ನಿಂತೋಗ್ತದಲ್ಲ, ಅದ್ಯಾಕೆ?"

"ನೀರು ಕೆಳಕ್ಕಿಳಿದ್ರೆ ಈ ಬಾಯಿಂದ ಗಾಳಿ ನುಗ್ತದೆ ಅಪ್ಪಾ. ಎಳೆತ ತಪ್ಪೋಗ್ತದೆ."

"ಉಟ್ದಾಗಿಂದ ನೋಡಿವ್ನಿ" ಎಂದರು ಅಪ್ಪ. "ಯಾರೂ ಯೋಳಿರ್ನಿಲ್ಲ."

ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಜೋರಾಗಿ ಹೇಳಿದೆ, "ನೋಡಿ, ಇದನ್ನ ಇಂಗ್ಲಿಷಿಗೆ ತರೋದು ನನ್ನ ಕೆಲಸ. ದಿನಾ ಕ್ಲಾಸ್ ಮುಗಿದ ಮೇಲೆ ಇಲ್ಲಿ ಕೂತ್ಕೊಳ್ಳಲಿ. ಕುಣಿಗಲ್ ಬಸ್ಸು ತಪ್ಪದ ಹಾಗೆ ಕಳಿಸ್ತೀನಿ. ಅದು ಬಿಟ್ಟು ಕಂಪ್ನಿಗೆ ಕಳಿಸಿದ್ರೋ, ನಿಮ್ಮೂರಿಗೇ ಬರ್ತೀನಿ ಅಷ್ಟೆ!"

ಅವರು ಅಂಗಿಯ ಜೇಬಿನಿಂದ ಫೋನು ತೆಗೆದು ಹೊರಗಿನ ಜಗಲಿಗೆ ಹೋದರು. ಹುಡುಗಿ ನೆಲ ನೋಡುತ್ತಾ ನಿಂತಳು. ನನ್ನದಕ್ಕಿಂತ ದೊಡ್ಡ ಗಂಟಲು ಹೊರಗಿನಿಂದ ಕೇಳಿಸಿತು.

"ಸೋಮವಾರ ಬರಾಕಿಲ್ಲ ಕಣಪ್ಪೋ... ಊಹೂಂ, ಮುಂದ್ಲ ವಾರಾನೂ ಇಲ್ಲ. ನಮ್ ಮಗೀಗೆ ಪುರುಸೊತ್ತಿಲ್ಲ."