ರೆಕಾರ್ಡಮ್ಮನ ಖಾನೆ ಪೆಟ್ಟಿಗೆ

ಕಚೇರಿಯಲ್ಲಿ ಅವಳನ್ನು ಎಲ್ಲರೂ ರೆಕಾರ್ಡಮ್ಮ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷ ರೆಕಾರ್ಡ್ ರೂಮಿನಲ್ಲಿ ಕೂತು ಕೂತು ಅವಳ ಹೆಸರು ಹಳೇ ಫೈಲುಗಳ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ತಿಂಗಳಿಗೊಮ್ಮೆ ಸಂಬಳದ ಪಟ್ಟಿಯಲ್ಲಿ ಮಾತ್ರ ಹೊರಗೆ ಬರುತ್ತದೆ. ಅವಳ ಮೇಜಿಗೆ ಇದ್ದದ್ದು ಒಂದೇ ಡ್ರಾಯರು. ಎಳೆದರೆ ಇಡಿಯಾಗಿ ಕೈಗೆ ಬರುತ್ತಿತ್ತು, ತಳ್ಳಿದರೆ ಒಳಗೆ ಹೋಗುತ್ತಿರಲಿಲ್ಲ. ರಬ್ಬರ್ ಸ್ಟಾಂಪು, ಇಂಕ್ ಪ್ಯಾಡು, ಗುಂಡುಪಿನ್ನು, ಫೈಲು ಕಟ್ಟುವ ದಾರ, ಚೀಟಿಗಳು ಎಲ್ಲವೂ ಮೇಜಿನ ಮೇಲೆ ಹರಡಿಕೊಂಡು ಬೇಕಾದ ಹೊತ್ತಿಗೆ ಒಂದೂ ಸಿಗುತ್ತಿರಲಿಲ್ಲ. ಇವನ್ನೆಲ್ಲ ಇಡಲು ಖಾನೆಗಳಿರುವ ಒಂದು ಪೆಟ್ಟಿಗೆ ಕೊಡಿಸಿ ಎಂದು ಮೂರು ಸಲ ಬರೆದುಕೊಟ್ಟಳು. ಸಾಹೇಬರು ಮೂರು ಸಲವೂ "ನೋಡೋಣಮ್ಮ" ಎಂದರು. ಅಂಥ ನೋಡೋಣಗಳ ಕಟ್ಟುಗಳನ್ನೇ ಕಪಾಟಿನಲ್ಲಿ ಜೋಡಿಸಿಟ್ಟುಕೊಂಡು ಬದುಕಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಳಾಗಲಿ, ನಾನೇ ಮಾಡಿಕೊಳ್ಳುತ್ತೇನೆ ಎಂದುಕೊಂಡಳು.

ಹಾಗೆ ಅಂದುಕೊಳ್ಳುವುದಕ್ಕೆ ಅವಳಿಗೆ ಹಕ್ಕಿತ್ತು. ಅವಳು ಬಡಗಿಯ ಮಗಳು. ಅಪ್ಪ ಊರಿಗೆಲ್ಲ ಮೇಸ್ತ್ರಿ, ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಅಲ್ಲಿ ಅವಳ ಪಾಲಿಗಿದ್ದದ್ದು ಎರಡೇ ಕೆಲಸ: ಮರದ ಹೊಟ್ಟು ಗುಡಿಸುವುದು, ಚಹಾ ತಂದಿಡುವುದು. ಉಳಿಯನ್ನು ಮುಟ್ಟುವ ಹಾಗಿರಲಿಲ್ಲ. "ಹೆಣ್ಣುಮಕ್ಕಳು ಮುಟ್ಟಿದ್ರೆ ಉಳಿ ಬಾಯಿ ಮೊಂಡಾಗತ್ತೆ" ಎನ್ನುತ್ತಿದ್ದ ಅಪ್ಪ. ಅದೇ ಉಳಿಯನ್ನು ಹಿಡಿ ಹಿಡಿ ಎಂದು ತಮ್ಮನಿಗೆ ಎಂಟನೇ ವಯಸ್ಸಿನಿಂದ ಬಲವಂತ. ತಮ್ಮನೋ, ಉಳಿ ಕಂಡ ಕೂಡಲೇ ಹೊಟ್ಟೆನೋವು ತರಿಸಿಕೊಳ್ಳುವ ಆಸಾಮಿ. ಅಪ್ಪ ಅವನ ತಲೆಗೆ ಮೊಟಕಿ ಮೊಟಕಿ ಹೇಳಿದ್ದೆಲ್ಲ ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದು, ಪೊರಕೆ ಹಿಡಿದು ಬಗ್ಗಿದ್ದ ಇವಳ ತಲೆಗೆ ಹೋಗುತ್ತಿತ್ತು. ಒಂದು ಮೂಲೆ ಗುಡಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದಳು. "ಈ ಹುಡುಗಿಗೆ ನೆಟ್ಟಗೆ ಗುಡಿಸೋದೂ ಬರಲ್ಲ" ಎಂದು ಅಮ್ಮ ಬೈಯುತ್ತಿದ್ದಳು.

ಅಪ್ಪನ ಕೆಲಸದಲ್ಲಿ ಒಂದು ಗುಟ್ಟಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಲಗೆಯ ಹಲ್ಲು ಇನ್ನೊಂದರ ಸಂದಿಗೆ ಹೋಗಿ ಕೂರುತ್ತದಲ್ಲ, ಬೇರೆ ಬಡಗಿಗಳು ಆ ಹಲ್ಲುಗಳನ್ನೆಲ್ಲ ಒಂದೇ ಅಳತೆಗೆ ಕೊಯ್ಯುತ್ತಿದ್ದರು. ಅಪ್ಪ ಮಾತ್ರ ಕೆಳಗಿನ ಕೊನೆಯ ಹಲ್ಲನ್ನು ಮಿಕ್ಕವುಗಳ ಎರಡರಷ್ಟು ಅಗಲ ಬಿಡುತ್ತಿದ್ದ. "ಭಾರ ಬೀಳೋದು ಅಲ್ಲೇ ಕಣೋ. ಹೊರಗಿನವರ ಹತ್ರ ಬಾಯಿ ಬಿಡ್ಬೇಡ" ಎಂದು ಒಂದು ದಿನ ಮಗನ ಕಿವಿಯಲ್ಲಿ ಹೇಳಿದ. ಎರಡು ಮಾರು ದೂರದಲ್ಲಿ ಗುಡಿಸುತ್ತಿದ್ದವಳು ಅವನ ಪಾಲಿಗೆ ಹೊರಗಿನವಳೂ ಅಲ್ಲ, ಒಳಗಿನವಳೂ ಅಲ್ಲ. ಅವಳು ಕಣ್ಣಿಗೇ ಬಿದ್ದಿರಲಿಲ್ಲ.

ಐವತ್ತೆರಡನೇ ವಯಸ್ಸಿನಲ್ಲಿ ಅವಳು ಗುಜರಿ ಅಂಗಡಿಯಿಂದ ಹಳೇ ಬಾಗಿಲಿನ ಹಲಗೆ ತಂದಳು. ಗರಗಸ, ಕೊಡತಿ, ಎರಡು ಉಳಿ ಕೊಂಡಳು. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಕಟ್ಟೆಯೇ ಕೆಲಸದ ಮೇಜಾಯಿತು. ಭಾನುವಾರ ತಿಂಡಿ ಮುಗಿಸಿ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಗಂಡ ಪೇಪರಿನ ಮೇಲಿಂದ ಇಣುಕಿ, "ಅಂಗಡೀಲಿ ಪ್ಲಾಸ್ಟಿಕ್ಕಿಂದು ರಾಶಿ ಬಿದ್ದಿದೆಯಲ್ಲೇ, ಯಾಕೆ ಸುಮ್ನೆ ಬೆರಳು ಕುಯ್ಕೋತೀಯ?" ಎಂದ. ಬೆರಳು ಕುಯ್ದುಕೊಂಡದ್ದೂ ನಿಜ, ಒಂದಲ್ಲ ಮೂರು. ಮೊದಲನೇ ಹಲಗೆ ಹಾಳಾಯಿತು. ಅಳತೆಗೆ ಎಳೆದ ಗೀರಿನ ಮೇಲೆಯೇ ಗರಗಸ ಆಡಿಸಿದ್ದಳು. ಗೀರಿನ ಆಚೆ ಕೊಯ್ಯಬೇಕು, ಗೀರು ಮರದಲ್ಲೇ ಉಳಿಯಬೇಕು, ಮಿಕ್ಕದ್ದನ್ನು ಉಳಿಯಿಂದ ಸವರಿ ತೆಗೆಯಬೇಕು. ತಮ್ಮ ಇದಕ್ಕೇ ಎಷ್ಟೋ ಸಲ ಮೊಟಕಿಸಿಕೊಂಡಿದ್ದ. ಎರಡನೇ ಹಲಗೆಗೆ ಕೈ ಪಳಗಿತು. ಅವಳು ಮುಟ್ಟಿದ್ದಕ್ಕೆ ಉಳಿಯ ಬಾಯಿ ಮೊಂಡಾಗಲಿಲ್ಲ. ಮರ ಕೊಯ್ದು ಮೊಂಡಾದಾಗ ಕಲ್ಲಿಗೆ ಉಜ್ಜಿದಳು, ಅಷ್ಟೇ.

ಹನ್ನೊಂದು ಭಾನುವಾರಕ್ಕೆ ಪೆಟ್ಟಿಗೆ ನಿಂತಿತು. ಹಿಂದೆ ಚೀಟಿಗಳಿಗೆ ಮೂರು ಎತ್ತರದ ಖಾನೆ, ಮುಂದೆ ಸ್ಟಾಂಪುಗಳನ್ನು ನಿಲ್ಲಿಸಲು ಕೊರೆದ ಗುಂಡಿಗಳು, ಕೆಳಗೆ ಪಿನ್ನು ದಾರಗಳಿಗೆ ಪುಟ್ಟ ಡ್ರಾಯರು. ತೇವದ ದಿನಗಳಲ್ಲಿ ಮರ ಉಬ್ಬುತ್ತದೆಂದು ಡ್ರಾಯರಿನ ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟಿದ್ದಳು. ನಾಲ್ಕು ಮೂಲೆಯಲ್ಲೂ ಕೆಳಗಿನ ಹಲ್ಲು ಅಗಲ. ಅದನ್ನು ಕಟ್ಟೆಯ ಮೇಲಿಟ್ಟು ನೋಡಿದಾಗ ಅವಳಿಗೆ ನಾಚಿಕೆಯಾಗುವಷ್ಟು ಖುಷಿಯಾಯಿತು. ಕಚೇರಿಗೆ ಆಮೇಲೆ, ಮೊದಲು ಅಪ್ಪ ಇದನ್ನು ಮುಟ್ಟಬೇಕು ಅನ್ನಿಸಿತು. ಚೆನ್ನಾಗಿದೆ ಎಂದು ಒಂದು ಮಾತು, ಒಂದೇ ಒಂದು ಮಾತು, ಅವನ ಬಾಯಿಂದ ಬರಬೇಕು.

ಅಪ್ಪ ಈಗ ತಮ್ಮನ ಮನೆಯಲ್ಲಿದ್ದ. ವಯಸ್ಸು ಎಂಬತ್ತು ದಾಟಿತ್ತು, ಎರಡೂ ಕಣ್ಣು ಹೋಗಿದ್ದವು. ತಮ್ಮ ರೆಡಿಮೇಡ್ ಮೇಜು ಕುರ್ಚಿಗಳ ಅಂಗಡಿ ಇಟ್ಟಿದ್ದ. ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅಪ್ಪನ ಮಟ್ಟಿಗೆ ಅದು ಹೊಟ್ಟು ಅಂಟಿಸಿ ಮಾರುವ ದಂಧೆ. ಅನ್ನ ಹಾಕುವ ಮಗನ ಜೊತೆ ಅವನು ಮುಖ ಕೊಟ್ಟು ಮಾತಾಡಿ ವರ್ಷಗಳೇ ಆಗಿದ್ದವು.

ಪೆಟ್ಟಿಗೆಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಬಾಗಿಲಲ್ಲೇ ತಮ್ಮ ಎದುರಾದ. "ಕೊಡಕ್ಕ, ಭಾರ ಇದೆ" ಎಂದು ಇಸಿದುಕೊಂಡ. ದುಪ್ಪಟಿ ಬಿಚ್ಚಿ ಬೆರಗಾಗಿ ಅಕ್ಕನ ಮುಖ ನೋಡಿದ. "ಆಫೀಸ್ ಮೇಜಿಗೆ, ನಾನೇ ಮಾಡಿದ್ದು" ಎಂದಳು ಮೆಲ್ಲಗೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅದನ್ನು ಅಪ್ಪನ ತೊಡೆಯ ಮೇಲಿಟ್ಟು, "ಅಕ್ಕನ ಆಫೀಸ್ ಮೇಜಿಗೆ ಅಂತೆ, ಮುಟ್ಟಿ ನೋಡಪ್ಪ" ಎಂದ. ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಆಗ ಇರಲಿಲ್ಲ.

ಅಪ್ಪನ ಬೆರಳುಗಳು ಮೇಲಿನ ಅಂಚಿನಿಂದ ಇಳಿದವು. ಖಾನೆಗಳನ್ನು ಎಣಿಸಿದವು. ಮೂಲೆಗೆ ಬಂದು ಒಂದೊಂದೇ ಹಲ್ಲನ್ನು ಸವರುತ್ತ ಕೆಳಗಿನ ಅಗಲ ಹಲ್ಲಿನ ಮೇಲೆ ನಿಂತುಬಿಟ್ಟವು. ಇನ್ನೊಂದು ಮೂಲೆ ನೋಡಿದ. ಅಲ್ಲೂ ಅದೇ.

"ಲೋ," ಎಂದ. "ಕೊನೆಗೂ ಮಾಡಿದ್ಯಲ್ಲೋ. ನಾ ಹೇಳಿದ್ದು ನೆನಪಿಟ್ಕೊಂಡಿದ್ಯಲ್ಲೋ."

ಡ್ರಾಯರು ಎಳೆದ, ತಳ್ಳಿದ. "ನೋಡೇ, ಎಷ್ಟು ಬೇಕೋ ಅಷ್ಟೇ ಸಂದು ಬಿಟ್ಟಿದ್ದಾನೆ. ಮರ ಉಬ್ಬತ್ತೆ ಅಂತ ಗೊತ್ತು ನನ್ನ ಮಗನಿಗೆ. ಇದು ಕೆಲಸ ಅಂದ್ರೆ." ಗಾಳಿಯಲ್ಲಿ ಕೈ ಆಡಿಸಿ ಮಗನ ತಲೆ ಹುಡುಕಿದ. ಕುರುಡುಗಣ್ಣಿನಿಂದ ನೀರು ಇಳಿಯುತ್ತಿತ್ತು.

ತಮ್ಮ ಬಗ್ಗಿ ತಲೆ ಕೊಟ್ಟ. ಅಪ್ಪನ ಕೈಯ ಕೆಳಗಿಂದ ಅಕ್ಕನನ್ನು ನೋಡಿದ. ಆ ಕೈಯಿಂದ ಬರೀ ಮೊಟಕಿಸಿಕೊಂಡಿದ್ದ ತಲೆ ಅದು. ಸವರಿಸಿಕೊಳ್ಳುವುದು ಅದಕ್ಕೂ ಹೊಸದು. ಇವನೇ ಹೇಳಲಿ ಎಂದು ಅವಳು ಕಾದಳು. ಅವನು ಹೇಳಲಿಲ್ಲ.

"ಅಪ್ಪಾ, ಅದನ್ನ ನಾನು ಮಾಡಿದ್ದು" ಎಂದಳು.

ಅಪ್ಪ ನಕ್ಕ. "ಸುಮ್ನಿರೇ, ತಮಾಷೆಗೂ ಒಂದು ಹೊತ್ತು ಬೇಡ್ವಾ?"

"ಬೇಕಾದ್ರೆ ಅವನನ್ನೇ ಕೇಳು."

ಅಪ್ಪನ ಕೈ ಮಗನ ತಲೆಯ ಮೇಲೆ ಹಾಗೆಯೇ ಇತ್ತು. "ಹೂಂ ಅಪ್ಪ," ಎಂದ ತಮ್ಮ ನೆಲ ನೋಡುತ್ತ. "ಅಕ್ಕ ಮಾಡಿದ್ದು."

ಕೈ ತಲೆಯಿಂದ ಇಳಿಯಿತು. ಅಪ್ಪ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು ಪೆಟ್ಟಿಗೆಯನ್ನು ಮತ್ತೆ ಮುಟ್ಟತೊಡಗಿದ. ಈ ಸಲ ಬೆರಳುಗಳಿಗೆ ಬೇರೆಯೇ ಕೆಲಸವಿತ್ತು. ಅವು ಪೊಲೀಸಿನವರು ಮನೆ ಜಾಲಾಡುವ ಹಾಗೆ ಮೂಲೆ ಮೂಲೆ ತಡಕಿದವು.

"ಡ್ರಾಯರ್ ಸಡಿಲ ಆಯ್ತು" ಎಂದ.

"ಈಗ ತಾನೇ ಸಂದು ಸರಿಯಾಗಿದೆ ಅಂದ್ಯಲ್ಲಪ್ಪ?"

"ಸಡಿಲ ಅಂದ್ರೆ ಸಡಿಲ. ಕೈಲಿ ಬಿಗಿ ಇಲ್ದಿದ್ರೆ ಹಿಂಗೇ ಆಗೋದು. ಇಲ್ಲಿ ಅಂಚು ತರಿತರಿ ಇದೆ. ಈ ಹಲ್ಲು ಅಗಲ ಬಿಟ್ಟಿದ್ದೀಯಲ್ಲ, ಯಾಕೆ ಬಿಡ್ತಾರೆ ಅಂತಾದ್ರೂ ಗೊತ್ತಾ? ಏನೋ ನೋಡಿದ್ದೀಯ, ಮಾಡಿದ್ದೀಯ."

"ಭಾರ ಬೀಳೋದು ಅಲ್ಲೇ ಅಪ್ಪ."

ಅಪ್ಪ ಪೆಟ್ಟಿಗೆಯನ್ನು ಎತ್ತಿ ಮಗ ನಿಂತಿದ್ದ ಕಡೆ ಚಾಚಿದ. "ತಗೋ. ಆಫೀಸಿಗೆ ಬೇಕಂತೆ ಪಾಪ. ನೀನೇ ಸ್ವಲ್ಪ ಸರಿ ಮಾಡ್ಕೊಡು ಅವಳಿಗೆ."

ಜನ್ಮದಲ್ಲಿ ಒಂದು ಹಲ್ಲನ್ನೂ ನೆಟ್ಟಗೆ ಕೊಯ್ಯದ ತಮ್ಮ ಎರಡೂ ಕೈಯಲ್ಲಿ ಪೆಟ್ಟಿಗೆ ಇಸಿದುಕೊಂಡ. "ಆಗ್ಲಿ ಅಪ್ಪ" ಎಂದ.

ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡು, ದುಪ್ಪಟಿಯನ್ನೂ ಸುತ್ತದೆ, ಕೊಟ್ಟ ನೀರನ್ನೂ ಕುಡಿಯದೆ ಬಂದುಬಿಟ್ಟಳು. ಬಸ್ಸಿನಲ್ಲಿ ಅಳು ಬರುತ್ತದೆಂದು ಹೆದರಿದ್ದಳು. ಬರಲಿಲ್ಲ. ಡ್ರಾಯರನ್ನು ಎಳೆದು ತಳ್ಳಿ ನೋಡುತ್ತ ಬಂದಳು: ಮಗ ಮಾಡಿದ್ದರೆ ಸರಿ, ಮಗಳು ಮಾಡಿದ್ದರೆ ಸಡಿಲ.

ಸೋಮವಾರ ಕಚೇರಿಯವರೆಲ್ಲ ಅವಳ ಮೇಜಿನ ಸುತ್ತ ಸೇರಿದರು. ಸಾಹೇಬರೂ ಬಂದರು. ಡ್ರಾಯರನ್ನು ಎರಡು ಸಲ ಎಳೆದು ತಳ್ಳಿ, "ಏನ್ ನಯವಾಗಿದೆಯಮ್ಮ! ಯಾರು ಮಾಡಿದ್ದು?" ಎಂದರು.

ಅವಳು ಸ್ಟಾಂಪುಗಳನ್ನು ಒಂದೊಂದಾಗಿ ಗುಂಡಿಗಳಲ್ಲಿ ನಿಲ್ಲಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ತಮ್ಮ ಸಾರ್" ಎಂದಳು.