ಬಿದ್ಯಾವತಿಯ ಅಭಿಪ್ರಾಯ

ಶನಿವಾರ ಮಧ್ಯಾಹ್ನದ ಆಟ ಬಿಟ್ಟಿತೆಂದರೆ ಫಿಜಿ ದ್ವೀಪದ ಲಂಬಾಸಾ ಪೇಟೆಯ ಮಾರುಕಟ್ಟೆಯಲ್ಲಿ ತರಕಾರಿಗಿಂತ ಮಾತೇ ಹೆಚ್ಚು ಖರ್ಚಾಗುತ್ತಿತ್ತು. ಟಾಕೀಸಿನಿಂದ ಹೊರಬಿದ್ದವರು ನೇರವಾಗಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿರಲಿಲ್ಲ. ಬದನೆಕಾಯಿ ಮುಟ್ಟಿ ನೋಡುವ ನೆಪದಲ್ಲಿ ನಿಂತು, ಹೀರೋಗೆ ವಯಸ್ಸಾಯಿತು, ಹೀರೋಯಿನ್ನಿಗೆ ಅಳುವುದಕ್ಕೇ ಬರುವುದಿಲ್ಲ, ಮೊದಲರ್ಧ ಚೆನ್ನ, ಆಮೇಲೆ ಬರೀ ತಲೆನೋವು ಎಂದು ತೀರ್ಪು ಕೊಟ್ಟ ಮೇಲೆಯೇ ಅವರಿಗೆ ಸಮಾಧಾನ. ತರಕಾರಿ ಮಾರುವ ಬಿದ್ಯಾವತಿಯ ಪಕ್ಕದಲ್ಲಿ ಕೂತು ಮರಗೆಣಸು ಮಾರುವ ಸಲೋತೆ ಫಿಜಿಯ ಮೂಲನಿವಾಸಿ, ಬಿದ್ಯಾವತಿಯ ಹಾಗೆ ಭಾರತದಿಂದ ಬಂದವರ ಮನೆತನದವಳಲ್ಲ. ಆದರೆ ಹಿಂದಿ ಸಿನಿಮಾದ ವಿಷಯಕ್ಕೆ ಬಂದರೆ ಅವಳ ಎದುರು ನಿಲ್ಲುವವರು ಆ ಮಾರುಕಟ್ಟೆಯಲ್ಲಿ ಇರಲಿಲ್ಲ.

“ಆ ಹೊಸ ಹುಡುಗ ಕುಣಿಯೋದಕ್ಕಷ್ಟೇ ಸರಿ ಕಣೆ. ನಟನೆ ಮಾಡು ಅಂದ್ರೆ ಹಲ್ಲುನೋವು ಬಂದೋನ ಹಾಗೆ ಮುಖ ಮಾಡ್ತಾನೆ. ನೀನೇನಂತೀಯ ಬಿದ್ಯಾ?”

“ನಾನೆಲ್ಲಿ ನೋಡ್ದೆ? ನೀವು ಹೇಳಿದ್ದು ಕೇಳಿದೆ ಅಷ್ಟೆ.”

ಬಿದ್ಯಾವತಿ ಯಾವಾಗಲೂ ಕೊಡುತ್ತಿದ್ದ ಉತ್ತರ ಇದೇ. ಮದುವೆಗೆ ಮೊದಲು ಅಣ್ಣಂದಿರ ಜೊತೆ ಬಿಟ್ಟೂಬಿಡದೆ ಸಿನಿಮಾ ನೋಡಿದವಳು ಅವಳು. ದಯಾಲನ ಮನೆ ಸೇರಿದ ಮೇಲೆ ಅದು ನಿಂತುಹೋಯಿತು. ಹೆಂಗಸರು ಟಾಕೀಸಿಗೆ ಹೋದರೆ ಮನೆ ಹಾಳಾಗುತ್ತದೆಂಬುದು ದಯಾಲನ ನಂಬಿಕೆ. ತಾನು ಮಾತ್ರ ಗೆಳೆಯರೊಂದಿಗೆ ತಪ್ಪದೆ ಹೋಗುತ್ತಿದ್ದ. ಸಂಜೆ ಜಗಲಿಯಲ್ಲಿ ಚಾಪೆ ಹಾಸಿ, ಬೋಗುಣಿಯಲ್ಲಿ ಮತ್ತು ಬರಿಸುವ ಯಂಗೋನಾ ಬೇರಿನ ಪುಡಿ ಕಲಸಿಕೊಂಡು, ತೆಂಗಿನ ಚಿಪ್ಪಿನಿಂದ ಒಬ್ಬೊಬ್ಬರಾಗಿ ಕುಡಿಯುತ್ತ ಅವರು ಸಿನಿಮಾದ ಕಥೆ ಹೇಳುವಾಗ ಬಿದ್ಯಾವತಿ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಕೇಳಿಸಿಕೊಳ್ಳುವಳು. ಅವಳ ತಲೆಯಲ್ಲಿದ್ದ ಸಿನಿಮಾಗಳೆಲ್ಲ ಗೋಡೆಯ ಆಚೆಯಿಂದ ಬಂದವು.

ದಯಾಲ್ ಕಬ್ಬಿನ ಲಾರಿಯ ಡ್ರೈವರು. ಹೊರಗೆ ಅವನಷ್ಟು ಒಳ್ಳೆಯವನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ದಾರಿಯಲ್ಲಿ ಯಾರ ವಾಹನ ಕೆಟ್ಟು ನಿಂತರೂ ಇಳಿದು ಕೈಜೋಡಿಸುವನು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಸೌದೆ ತಂದು ಹಾಕುವನು. ಒಳಗಿನದು ಬೇರೆ. ಅದನ್ನು ಬಿದ್ಯಾವತಿ ಯಾರಿಗೂ ಹೇಳಿರಲಿಲ್ಲ. ಸಲೋತೆ ಒಮ್ಮೆ ಅವಳ ತೋಳಿನ ಮೇಲೆ ಹಸಿರುಗಟ್ಟಿದ ಗುರುತನ್ನು ನೋಡಿ, ಏನೂ ಕೇಳದೆ, ತನ್ನ ಶಾಲನ್ನು ಹೊದಿಸಿದ್ದಳು.

ಒಬ್ಬನೇ ಮಗ ಪ್ರನೀಲ್ ಓದು ಬಿಟ್ಟು ರಾಜಧಾನಿ ಸುವಾಕ್ಕೆ ಹೋಗಿ ಟೈರಿನ ಅಂಗಡಿ ಸೇರಿದ್ದ. ಅಲ್ಲಿ ಗೆಳೆಯರು ಕೈಯಿಂದಲೇ ಹಣ ಹಾಕಿ ಒಂದು ಸಿನಿಮಾ ಮಾಡಿದರು. ಇವನಿಗೆ ದೊಡ್ಡ ಪಾತ್ರವನ್ನೇ ಕೊಟ್ಟರು. ಸುವಾದಲ್ಲಿ ಜನ ಮುಗಿಬಿದ್ದು ನೋಡಿದರಂತೆ. ಅದು ಲಂಬಾಸಾಕ್ಕೆ ಬರುವ ವಾರ ಪ್ರನೀಲನ ಫೋನು ಬಂತು.

“ಅಮ್ಮಾ, ನೀನು ಸಲೋತೆ ಆಂಟಿ ಜೊತೆ ಹೋಗಿ ನೋಡು. ಅಪ್ಪನ್ನ ಕರ್ಕೊಂಡು ಹೋಗ್ಬೇಡ.”

“ಯಾಕೋ?”

“ಬೇಡ ಅಂದ್ರೆ ಬೇಡ ಅಮ್ಮಾ. ನಾನು ಆಮೇಲೆ ಹೇಳ್ತೀನಿ.”

ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ದಯಾಲನ ಗೆಳೆಯ, ಪಕ್ಕದ ಬೀದಿಯ ದರ್ಜಿ ಅಯೂಬ್, ಟಾಕೀಸಿನ ಗೋಡೆಯ ಮೇಲೆ ಪ್ರನೀಲನ ಮುಖ ನೋಡಿಕೊಂಡು ಬಂದು ಬೀದಿಗೆಲ್ಲ ಸಾರಿದ್ದ. ದಯಾಲನ ಎದೆ ಉಬ್ಬಿಹೋಗಿತ್ತು. “ನನ್ನ ಮಗ ಕಣ್ರೋ! ಎಲ್ಲರೂ ಬರ್ಬೇಕು. ನೀನೂ ಹೊರಡೇ,” ಎಂದು ಹೆಂಡತಿಗೆ ಅವನೇ ಹೇಳಿದ. ಮಗನ ಮಾತು ಅವಳ ಗಂಟಲಲ್ಲೇ ಉಳಿಯಿತು.

ಟಾಕೀಸಿನಲ್ಲಿ ದಯಾಲ್ ನಡುವೆ ಕೂತ. ಅವನ ಎಡಕ್ಕೆ ಬಿದ್ಯಾವತಿ, ಅವಳಾಚೆ ಸಲೋತೆ. ಹಿಂದಿನ ಸಾಲಿನಲ್ಲಿ ಅಯೂಬ್, ಅವನ ಹೆಂಡತಿ, ಬೀದಿಯ ನಾಲ್ಕಾರು ಜನ. ದೀಪ ಆರುವ ಮೊದಲೇ ಅಯೂಬನ ವಿಮರ್ಶೆ ಶುರುವಾಗಿತ್ತು.

ಪ್ರನೀಲ್ ತೆರೆಯ ಮೇಲೆ ಲಾರಿಯಿಂದ ಇಳಿದ. ಇಳಿದವನು ಟೈರಿಗೊಮ್ಮೆ ಒದ್ದು, ಕತ್ತು ಓರೆ ಮಾಡಿ ಕೆಮ್ಮಿದ. ಜನ ಸಿಳ್ಳೆ ಹಾಕಿದರು. ದಯಾಲ್ ನಕ್ಕ. “ನೋಡು, ಲಾರಿ ಹತ್ತೋದು ಇಳಿಯೋದೆಲ್ಲ ನನ್ನಿಂದ್ಲೇ ಕಲ್ತಿದಾನೆ,” ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಬಿದ್ಯಾವತಿ ನಗಲಿಲ್ಲ. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಸಂಜೆ ಆ ಕೆಮ್ಮು ಅಂಗಳದಲ್ಲಿ ಕೇಳಿಸಿದಾಗ ಮನೆ ಉಸಿರು ಬಿಗಿಹಿಡಿಯುತ್ತಿತ್ತು.

ಕಥೆಯಲ್ಲಿ ಆ ಲಾರಿ ಡ್ರೈವರಿಗೊಬ್ಬ ಹೆಂಡತಿ. ಅವಳು ಊಟಕ್ಕೆ ಬಡಿಸಿದಳು. ಅವನು ಒಂದು ತುತ್ತು ತಿಂದು ತಟ್ಟೆ ಸರಿಸಿದ. ಎದ್ದ. ಅವಸರವೇ ಇಲ್ಲದೆ ಕೈಗಡಿಯಾರದ ಪಟ್ಟಿ ಬಿಚ್ಚಿದ. ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಒಡೆಯಬಾರದ ವಸ್ತುವನ್ನು ಇಡುವ ಹಾಗೆ ಮೆಲ್ಲಗೆ ಕಪಾಟಿನ ಮೇಲಿಟ್ಟ. ತೆರೆಯ ಮೇಲಿನ ಹೆಂಗಸು ಗಂಡನ ಮುಖ ನೋಡಲಿಲ್ಲ, ಆ ಗಡಿಯಾರವನ್ನೇ ನೋಡುತ್ತಿದ್ದಳು.

ಮಗ ಇದನ್ನು ಮರೆತಿಲ್ಲವೇ, ಎಂದುಕೊಂಡಳು ಬಿದ್ಯಾವತಿ. ಅಷ್ಟು ಚಿಕ್ಕವನಿದ್ದಾಗ ನೋಡಿದ್ದು?

ತೆರೆಯ ಮೇಲೆ ಹೆಂಡತಿಗೆ ಏಟು ಬಿದ್ದಾಗ “ಥೂ, ಪಾಪಿ!” ಎಂದು ಯಾರೋ ಕೂಗಿದರು. ಅಯೂಬ್ ಹಿಂದಿನಿಂದ ಬಾಗಿ, “ಚಪ್ಪಲಿ ಎಸೀಬೇಕು ಅನ್ಸುತ್ತೆ! ದಯಾಲ್ ಭೈಯಾ, ನಿನ್ನ ಮಗ ಬೆಂಕಿ ಕಣೋ! ಆ ಗಡಿಯಾರದ ಐಡಿಯಾ ಯಾರು ಕೊಟ್ರು ಅವನಿಗೆ?” ಎಂದ.

ಕತ್ತಲಲ್ಲಿ ದಯಾಲನ ಬಲಗೈ ಎಡಗೈಯ ಮಣಿಕಟ್ಟನ್ನು ಮುಚ್ಚಿಕೊಂಡಿದ್ದನ್ನು ಬಿದ್ಯಾವತಿ ಕಂಡಳು. ಆಮೇಲೆ ಅವಳು ತೆರೆ ನೋಡಲಿಲ್ಲ. ಆ ಕೈಯನ್ನೇ ನೋಡುತ್ತ ಕೂತಳು. ಸಲೋತೆ ಅವಳ ಬೆರಳು ಹುಡುಕಿ ಹಿಡಿದುಕೊಂಡಳು, ಆಟ ಮುಗಿಯುವವರೆಗೂ ಬಿಡಲಿಲ್ಲ.

ಸಂಜೆ ಎಲ್ಲರೂ ದಯಾಲನ ಜಗಲಿಗೇ ಬಂದರು. ಬೇಡ ಎನ್ನುವುದು ಹೇಗೆ? ಮಗನ ಮೊದಲ ಸಿನಿಮಾ. ಬೋಗುಣಿ ಬಂತು, ಚಿಪ್ಪು ಸುತ್ತತೊಡಗಿತು. ಬಿದ್ಯಾವತಿ ಒಳಗೆ ಬಜ್ಜಿ ಕರಿದಳು. ಸಲೋತೆ ಮನೆಗೆ ಹೋಗುವ ಬಸ್ಸು ಬಿಟ್ಟು ಈರುಳ್ಳಿ ಹೆಚ್ಚುತ್ತ ಅಲ್ಲೇ ಕೂತಿದ್ದಳು.

“ಹೀರೋ ದಂಡ. ಪೊಲೀಸ್ ಬಟ್ಟೆ ಹಾಕ್ಕೊಂಡ ಬಾಳೆದಿಂಡು,” ಅಯೂಬ್ ತೂಗಿ ನೋಡತೊಡಗಿದ. “ಹಾಡು ಪರವಾಗಿಲ್ಲ. ಆ ಹುಡುಗಿ ಚೆನ್ನಾಗಿ ಅತ್ಲು. ಆದ್ರೆ ಪ್ರನೀಲ್! ಅವನು ಹುಟ್ಟಿದಾಗಿಂದ ನೋಡಿದೀನಿ ನಾನು, ಇವತ್ತು ಅವನ ಮುಖ ಕಂಡ್ರೆ ಭಯ ಆಯ್ತು.”

“ಇಂಥ ಸಾಧು ಮನುಷ್ಯನ ಮಗ ಅಂಥ ರಾಕ್ಷಸನ ಪಾತ್ರ ಮಾಡಿದ್ನಲ್ಲ, ಅದೇ ನಟನೆ,” ಎಂದ ಇನ್ನೊಬ್ಬ.

ಎಲ್ಲರೂ ದಯಾಲನ ಕಡೆ ತಿರುಗಿದರು. ಅವನು ಚಿಪ್ಪನ್ನು ಬಾಯಿಗಿಟ್ಟು ಖಾಲಿ ಮಾಡಿದ. ಬಜ್ಜಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದ ಬಿದ್ಯಾವತಿಯನ್ನು ಕಂಡು ಅಯೂಬ್, “ಭೌಜಿ, ಹೆತ್ತೋಳು ನೀನೇ ಏನೂ ಹೇಳ್ದಿದ್ರೆ ಹೇಗೆ? ಮಗ ಹೇಗೆ ಮಾಡ್ದ? ಹೇಳು, ಹೇಳು,” ಎಂದ.

“ಅವಳಿಗೇನು ಗೊತ್ತಾಗುತ್ತೆ ಸಿನಿಮಾ?” ಎಂದ ದಯಾಲ್. ಟಾಕೀಸಿನಿಂದ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು. “ಒಳಗೆ ಹೋಗು.”

ಬಿದ್ಯಾವತಿ ಹೋಗಲಿಲ್ಲ. ತಟ್ಟೆಯನ್ನು ಚಾಪೆಯ ಮೇಲಿಟ್ಟಳು. ಹೊರಬಂದ ದನಿ ಮಾರುಕಟ್ಟೆಯಲ್ಲಿ ಬೆಲೆ ಹೇಳುವ ದನಿಯ ಹಾಗೇ ಇತ್ತು.

“ಚೆನ್ನಾಗಿ ಮಾಡ್ದ. ಕೆಮ್ಮೋದು, ತಟ್ಟೆ ಸರಿಸೋದು, ಗಡಿಯಾರ ಒರೆಸೋದು, ಎಲ್ಲ ಸರಿಯಾಗಿತ್ತು. ಒಂದು ತಪ್ಪಾಯ್ತು ಅಯೂಬ್ ಭೈಯಾ. ಗಡಿಯಾರ ಇಟ್ಟ ಮೇಲೆ ಬಾಗಿಲಿಗೆ ಚಿಲಕ ಹಾಕ್ಬೇಕಿತ್ತು. ಹಾಕ್ಲಿಲ್ಲ. ಅದು ಅವನಿಗೆ ಕಂಡಿರೋಕೆ ಸಾಧ್ಯವಿಲ್ಲ. ಮೊದಮೊದಲು ಅವನೂ ಅಲ್ಲೇ ಇರ್ತಿದ್ದ, ನೋಡ್ದ. ಆಮೇಲೆ ಅವನನ್ನ ಹೊರಗೆ ಹಾಕಿ ಇವರು ಒಳಗಡೆಯಿಂದ ಚಿಲಕ ಹಾಕೋರು.”

ಅಯೂಬ್ ಮೊದಲು ನಗಲು ಹೋದ, ಆಮೇಲೆ ಅವನ ಮುಖದಿಂದ ನಗು ಮೆಲ್ಲಗೆ ಕಳಚಿತು.

ದಯಾಲ್ ಎದ್ದು ನಿಂತ. ಏನು ಮಾಡುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲವೋ ಏನೋ, ಅವನ ಬಲಗೈ ಎಡಗೈಯ ಗಡಿಯಾರದ ಪಟ್ಟಿಗೆ ಹೋಯಿತು. ಜಗಲಿಯ ಮೇಲಿದ್ದವರೆಲ್ಲರ ಕಣ್ಣೂ ಆ ಕೈಯ ಹಿಂದೆ ಹೋಯಿತು. ಪಟ್ಟಿ ಅರ್ಧ ಬಿಚ್ಚಿತ್ತು. ದಯಾಲ್ ತಲೆಯೆತ್ತಿ ಗೆಳೆಯರ ಮುಖ ನೋಡಿದ. ಕೈ ಅಲ್ಲೇ ನಿಂತಿತು.

ಅಯೂಬ್ ತನ್ನ ಪಾಲಿನ ಚಿಪ್ಪನ್ನು ಕುಡಿಯದೆ ಕೆಳಗಿಟ್ಟ. “ನಮಾಜಿನ ಹೊತ್ತಾಯ್ತು,” ಎಂದು ಎದ್ದ. ಉಳಿದವರೂ ಚಪ್ಪಲಿ ಹುಡುಕಿಕೊಂಡರು. ಅಯೂಬ್ ಮೆಟ್ಟಿಲಿಳಿದವನು ಮತ್ತೆ ತಿರುಗಿ, “ಭೌಜಿ, ನಮ್ಮನೇಗೆ ಬರ್ತೀಯಾ? ನನ್ನ ಹೆಂಡ್ತಿ ಇದಾಳೆ,” ಎಂದ. ದಯಾಲನ ಕಡೆ ಅವನು ನೋಡಲಿಲ್ಲ.

“ಅವಳು ನನ್ನ ಜೊತೆ ಬರ್ತಾಳೆ,” ಎಂದಳು ಸಲೋತೆ ಅಡಿಗೆಮನೆಯ ಬಾಗಿಲಿನಿಂದ. ಅವಳ ಕೈಯಲ್ಲಿ ಈರುಳ್ಳಿ ಹೆಚ್ಚಿದ ಚಾಕು ಹಾಗೇ ಇತ್ತು. ಹೆದರಿಸಬೇಕೆಂದಲ್ಲ, ಇಡಲು ಮರೆತಿದ್ದಳು.

ದಯಾಲ್ ಅಡ್ಡ ಬರಲಿಲ್ಲ. ಬಿದ್ಯಾವತಿ ಎರಡು ಸೀರೆ, ಬಿ.ಪಿ. ಮಾತ್ರೆ ತೆಗೆದುಕೊಂಡಳು. ಒಲೆಯ ಮೇಲಿನ ಎಣ್ಣೆಯನ್ನು ನೆನೆದು ಮತ್ತೆ ಒಳಗೆ ಹೋಗಿ ಬೆಂಕಿ ಆರಿಸಿದಳು. ಅವನ ಪಕ್ಕದಲ್ಲೇ ಹಾದು ಮೆಟ್ಟಿಲಿಳಿದಳು. ಗೇಟು ದಾಟಿ ರಸ್ತೆಗೆ ಬಂದ ಮೇಲೂ ಹಿಂದೆ ಹೆಜ್ಜೆ ಕೇಳಿಸುತ್ತದೋ ಎಂದು ಕಿವಿಗೊಟ್ಟೇ ನಡೆದಳು. ಕೇಳಿಸಲಿಲ್ಲ.

ಬೀದಿಗೆ ಈಗ ಮಾತಾಡಲು ಹೊಸ ಕಥೆ ಸಿಕ್ಕಿತು. ಬದನೆಕಾಯಿ ಮುಟ್ಟಿ ನೋಡುತ್ತ ಜನ ಅವಳ ಎದುರೇ ತೀರ್ಪು ಕೊಟ್ಟರು. ನಾಲ್ಕು ಜನರೆದುರು ಹೇಳಬಾರದಿತ್ತು ಎಂದರು ಕೆಲವರು. ಮಗ ಅಪ್ಪನ ಮಾನ ಕಳೆದ ಎಂದರು ಇನ್ನು ಕೆಲವರು. ದೂರದ ನಾದಿನಿಯೊಬ್ಬಳು, “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?” ಎಂದು ಕೇಳಿಯೇಬಿಟ್ಟಳು. ಬಿದ್ಯಾವತಿ ಹುರುಳಿಕಾಯಿ ತೂಗಿ ಕೊಟ್ಟು, “ಇನ್ನೇನು ಬೇಕು?” ಎಂದಳು. ರಾತ್ರಿ ಸಲೋತೆಯ ಮನೆಯಲ್ಲಿ ಮಲಗಿದಾಗ ಯಾರು ಕೆಮ್ಮಿದರೂ ಎದ್ದು ಕೂರುತ್ತಿದ್ದಳು. ಹೆದರಿಕೆ ಹೋಗಲು ಬಹಳ ಕಾಲ ಹಿಡಿಯಿತು.

ದೀಪಾವಳಿಗೆ ಪ್ರನೀಲ್ ಬಂದ. ಮೊದಲು ತಾಯಿಯ ಬಳಿ ಉಂಡ. ಅವಳು ಒಂದು ಡಬ್ಬಿಯಲ್ಲಿ ಸಿಹಿ ಹಾಕಿ, “ಅಪ್ಪನಿಗೂ ಕೊಟ್ಟು ಬಾ,” ಎಂದಳು. ಅವನು ತುಂಬ ಹೊತ್ತಿನ ಮೇಲೆ, ಕೆಂಪಾದ ಕಣ್ಣಿನಲ್ಲಿ ಹಿಂತಿರುಗಿದ.

“ಬೈದ್ರಾ?”

“ಇಲ್ಲ. ‘ನಾನು ಹಾಗೇ ಕಾಣ್ತಿದ್ನಾ?’ ಅಂತ ಒಂದೇ ಸಲ ಕೇಳಿದ್ರು. ಹೌದು ಅಂದೆ.”

“ಆಮೇಲೆ?”

“ಆಮೇಲೆ ಏನೂ ಇಲ್ಲಮ್ಮಾ. ಲಾರಿ ತೊಳೀತಿದ್ರು, ನಾನೂ ತೊಳೆದೆ.”

ಬಿದ್ಯಾವತಿ ಆ ಮನೆಗೆ ಮರಳಲಿಲ್ಲ. ಪೇಟೆಯಲ್ಲೇ ಒಂದು ಕೋಣೆ ಹಿಡಿದಳು. ದಯಾಲ್ ಆಗಾಗ ಮಾರುಕಟ್ಟೆಗೆ ಬಂದು, ಎದುರು ನಿಂತು, ತರಕಾರಿ ಕೊಂಡು ಹೋಗುತ್ತಾನೆ. ಒಮ್ಮೆ, “ಬಾರೇ ಮನೇಗೆ,” ಎಂದ. “ಇಲ್ಲ,” ಎಂದಳು. ಅವನು ಮತ್ತೆ ಕೇಳಲಿಲ್ಲ, ಬರುವುದನ್ನೂ ಬಿಡಲಿಲ್ಲ.

ಮೊನ್ನೆ ಹೊಸ ಸಿನಿಮಾ ಬಂದಿತ್ತು. ಕಟ್ಟೆಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ಬಿದ್ಯಾವತಿಯೂ ಸಲೋತೆಯೂ ಮಧ್ಯಾಹ್ನದ ಆಟಕ್ಕೆ ಹೋಗಿ ಬಂದರು.

“ಏನು ಕುಣಿತ, ಏನು ಕುಣಿತ!” ಎಂದಳು ಸಲೋತೆ ಬುಟ್ಟಿಯ ಮೇಲಿನ ಗೋಣಿ ಸರಿಸುತ್ತ.

“ಬರೀ ಕುಣಿತ ಕಟ್ಕೊಂಡು ಏನ್ಮಾಡ್ತೀಯ?” ಬಿದ್ಯಾವತಿ ಸಿಡುಕಿದಳು. “ಅಮ್ಮ ಸತ್ತಿದಾಳೆ, ಅವನ ತಲೆಗೂದಲು ಒಂದೆಳೆ ಅಲ್ಲಾಡಿಲ್ಲ. ನಂಗೊಂದಿಷ್ಟೂ ಹಿಡಿಸ್ಲಿಲ್ಲ.”

“ಓಹೋ, ಬಂದ್ಲಪ್ಪ ದೊಡ್ಡ ಜಡ್ಜಮ್ಮ!”

ಹಸಿಮೆಣಸು ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಸಲೋತೆಯ ಪರ ವಹಿಸಿದಳು. ಮೂವರೂ ಅಲ್ಲೇ ಜಗಳಕ್ಕೆ ನಿಂತರು.